ಎರಡು ಸಲ ತೊಳೆದ ತಟ್ಟೆಗಳು

ಪಾಸ್ಟರು ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನು ಸ್ವಲ್ಪ ಉದ್ದ ಮಾಡಿದರು. ಅಷ್ಟು ಉದ್ದ ಮಾಡದಿದ್ದರೆ, ಅವರನ್ನು ಊಟಕ್ಕೆ ಕರೆದಿದ್ದ ಮನೆಯ ಮಗ ನಡುವೆ ಕಣ್ಣು ಬಿಡುತ್ತಿರಲಿಲ್ಲ. ಕಣ್ಣು ಬಿಡದಿದ್ದರೆ, ಎದುರಿಗೆ ಕೂತಿದ್ದ ಪಾಸ್ಟರಮ್ಮ ತಮ್ಮ ತಟ್ಟೆಯನ್ನು ಮೇಜಿನ ಅಂಚಿಗೆ ಎಳೆದುಕೊಂಡು ಕರವಸ್ತ್ರದ ತುದಿಯಿಂದ ಮೆಲ್ಲಗೆ ಒರೆಸುತ್ತಿದ್ದದ್ದು ಕಾಣುತ್ತಿರಲಿಲ್ಲ. ಅವರ ಕಣ್ಣೂ ತೆರೆದಿತ್ತು, ಅವನದೂ ತೆರೆದಿತ್ತು. ಒಂದು ಕ್ಷಣ ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಕಳ್ಳರನ್ನು ಕಂಡ ಕಳ್ಳರಂತೆ ತಟಕ್ಕನೆ ಕಣ್ಣು ಮುಚ್ಚಿಕೊಂಡರು. ಪಾಸ್ಟರು ಈ ಮನೆಯ ತಾಯಿಗಾಗಿ, ತಾಯಿಯನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಿರುವ ಮಗನಿಗಾಗಿ ದೇವರಿಗೆ ಸ್ತೋತ್ರ ಸಲ್ಲಿಸುತ್ತಿದ್ದರು. ಮಗನಿಗೆ ಕಿವಿ ಬಿಸಿಯಾಯಿತು. ನಿನ್ನೆಯ ತಟ್ಟೆಗಳು, ನಿನ್ನೆಯ ತಟ್ಟೆಗಳು ಎಂದು ತಲೆಯೊಳಗೆ ಒಂದೇ ಮಾತು ಸುತ್ತುತ್ತಿತ್ತು. ನಿನ್ನೆ ಮಧ್ಯಾಹ್ನ ಅಂಗಡಿಗೆ ಯಾರೋ ಮುರಿದ ಕನ್ನಡಕ ಹಿಡಿದುಕೊಂಡು ಬಂದು ಈಗಲೇ ಬೇಕು, ಇಲ್ಲದಿದ್ದರೆ ಗಾಡಿ ಓಡಿಸುವಂತಿಲ್ಲ ಎಂದು ಕೂತಿದ್ದರಿಂದ ಊಟ ಮುಗಿಸಿದವನೇ ಓಡಿದ್ದ. ತೊಳೆಯುವುದು ತಪ್ಪಿತ್ತು. ಇವತ್ತು ಗಡಿಬಿಡಿಯಲ್ಲಿ ಅದೇ ತಟ್ಟೆಗಳನ್ನು ತಾನೇ ಕೈಯಾರೆ ತೆಗೆದು ಮೇಜಿನ ಮೇಲೆ ಜೋಡಿಸಿದ್ದ. ಆಮೆನ್ ಎಂದಾಗ ಎಲ್ಲರಿಗಿಂತ ಜೋರಾಗಿ ಹೇಳಿದವನು ಅವನೇ.

ಅವನ ಕಸುಬು ಕನ್ನಡಕ ಮಾಡುವುದು. ಮನೆ ಮಹಡಿಯ ಮೇಲೆ, ಅಂಗಡಿ ಬೀದಿಯ ಆ ಬದಿಗೆ. ಗಾಜನ್ನು ಉಜ್ಜಿ, ಫ್ರೇಮಿಗೆ ಕೂರಿಸಿ, ಬೆಳಕಿಗೆ ಹಿಡಿದು ಎಲ್ಲಿ ಗೀರು, ಎಲ್ಲಿ ಬೆರಳಿನ ಗುರುತು ಎಂದು ಹುಡುಕುವುದರಲ್ಲೇ ಅವನ ಕೂದಲು ಬೆಳ್ಳಗಾಗಿತ್ತು. ಊರಿಗೆಲ್ಲ ಕಣ್ಣು ಕೊಡುವವನ ಮನೆಯಲ್ಲಿ ತಾಯಿಗೆ ಕಣ್ಣು ಕಾಣುವುದಿಲ್ಲ ಎಂಬುದನ್ನು ಜನ ಹೇಳಿ ಹೇಳಿ ಆ ಮಾತು ಸವೆದುಹೋಗಿತ್ತು. ಅಮ್ಮನದು ಕನ್ನಡಕಕ್ಕೆ ಬಗ್ಗುವ ಕಾಯಿಲೆಯಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ನೇರವಾಗಿ ನೋಡಿದರೆ ನಡುವೆ ಮಬ್ಬು, ಓರೆಯಾಗಿ ನೋಡಿದರೆ ಅಂಚಿನಲ್ಲಿ ಒಂದಿಷ್ಟು ಬೆಳಕು. ಹಾಗಾಗಿ ಅವಳು ಅವನ ಜೊತೆ ಮಾತಾಡುವಾಗ ಅವನ ಕಿವಿಯನ್ನು ನೋಡುತ್ತಾಳೆ. ಆದರೂ ಚರ್ಚಿಗೆ ಹೊರಟಾಗ ಕನ್ನಡಕ ಹಾಕಿಕೊಳ್ಳುತ್ತಾಳೆ, ಬರೀ ಗಾಜಿನದು, ಅವನೇ ಮಾಡಿಕೊಟ್ಟದ್ದು. "ನಾನು ಬರೀ ಮುಖದಲ್ಲಿ ಹೋದರೆ ನಿನ್ನ ಅಂಗಡಿ ಮರ್ಯಾದೆ ಏನಾಗುತ್ತೆ?" ಎನ್ನುತ್ತಾಳೆ. ಅದನ್ನು ಅವನು ಪ್ರತಿ ಭಾನುವಾರ ಮೆತ್ತನೆ ಬಟ್ಟೆಯಿಂದ ಒರೆಸಿಕೊಡುತ್ತಾನೆ. ಕಾಣದ ಕಣ್ಣಿನ ಮುಂದಿನ ಗಾಜು ಎಷ್ಟು ಶುಭ್ರವಾಗಿದ್ದರೇನು ಎಂದು ಅವನಿಗೆ ಒಮ್ಮೆಯೂ ಅನಿಸಿಲ್ಲ. ಒರೆಸುವಾಗ ಅವನಿಗೆ ಸಮಾಧಾನವಾಗುತ್ತದೆ, ಅಷ್ಟೆ.

ಕಣ್ಣು ಮಬ್ಬಾದಂತೆಲ್ಲ ಅವಳ ಕೈಯಿಂದ ಕೆಲಸಗಳು ಒಂದೊಂದಾಗಿ ಜಾರಿಹೋದವು. ಮೊದಲು ಹೊಲಿಗೆ ಹೋಯಿತು. ಆಮೇಲೆ ಓದು, ಈಗ ಬೆಳಿಗ್ಗೆ ಅವನೇ ಒಂದು ಅಧ್ಯಾಯ ಓದಿ ಹೇಳುತ್ತಾನೆ, ಅವಳು ನಡುನಡುವೆ ಅವನಿಗಿಂತ ಮುಂಚೆ ಮುಂದಿನ ಸಾಲು ಹೇಳಿ ಅವನನ್ನು ತಬ್ಬಿಬ್ಬು ಮಾಡುತ್ತಾಳೆ. ಒಂದು ದಿನ ಒಲೆಯ ಉರಿ ಅವಳ ತೋಳಿಗೆ ತಾಗಿದ ಮೇಲೆ ಅಡುಗೆಯೂ ಅವನ ಪಾಲಿಗೆ ಬಂತು. ಅವಳು ಜಗಳವಾಡಲಿಲ್ಲ. ಆದರೆ ತಟ್ಟೆ ತೊಳೆಯುವುದನ್ನು ಮಾತ್ರ ಬಿಡಲಿಲ್ಲ. ಮಧ್ಯಾಹ್ನ ಊಟವಾದೊಡನೆ ಎದ್ದು, ಗೋಡೆ ಮುಟ್ಟಿಕೊಂಡು ಸಿಂಕಿನ ಹತ್ತಿರ ಹೋಗಿ, ರವಿಕೆಯ ತೋಳು ಮೇಲಕ್ಕೆ ಮಡಚಿ ನಿಂತುಬಿಡುವಳು. ಅವಳ ಬೆನ್ನು ಆಗ ನೆಟ್ಟಗಿರುತ್ತಿತ್ತು. ತೊಳೆದು, ಒರೆಸಿ, ಕಪಾಟಿನಲ್ಲಿಟ್ಟು, ಇವತ್ತಿನ ಕೂಲಿ ಮುಗಿಯಿತು ಎಂದು ಕೋಣೆಗೆ ಹೋಗಿ ಮಲಗುವಳು. ಒಂದು ದಿನ ಅವನು ನೀರು ಕುಡಿಯಲು ಲೋಟ ತೆಗೆದರೆ ಬೆರಳು ಜಾರಿತು. ಬೆಳಕಿಗೆ ಹಿಡಿದು ನೋಡಿದ. ಕರಿದ ಮೀನಿನ ಎಣ್ಣೆ ಅಂಚಿನ ಸುತ್ತ ತೆಳ್ಳಗೆ ಉಳಿದಿತ್ತು. ಲೋಟವನ್ನು ತಾನೇ ತೊಳೆದಿಟ್ಟ. ಮನೆಯಲ್ಲಿ ಒಂದು ಹನಿ ಜಿಡ್ಡು ಕಂಡರೆ ಊಟ ಬಿಡುತ್ತಿದ್ದ ಹೆಂಗಸು ಇವಳು.

ಹೇಳಬಹುದಾಗಿತ್ತು. ಹೇಳಿದರೆ ಅವಳು ಅವನ ಕಿವಿಯನ್ನು ನೋಡುತ್ತ, ಸರಿ ಎಂದು ಕೈ ಒರೆಸಿಕೊಂಡು ಕುರ್ಚಿಯಲ್ಲಿ ಕೂರುತ್ತಿದ್ದಳು. ಆ ಕುರ್ಚಿಯನ್ನು ನೆನೆದೇ ಅವನು ಸುಮ್ಮನಾದ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಒಂದು ಉಪಾಯ ಮಾಡಿದ. ಅವಳು ಮಲಗಿದ ಮೇಲೆ, ಅಂಗಡಿಗೆ ಹಿಂತಿರುಗುವ ಮುಂಚೆ, ಕಪಾಟಿನಿಂದ ತಟ್ಟೆಗಳನ್ನು ಸದ್ದಾಗದಂತೆ ತೆಗೆದು, ನಲ್ಲಿಯನ್ನು ಸಣ್ಣಗೆ ತಿರುಗಿಸಿ, ಎಲ್ಲವನ್ನೂ ಮತ್ತೊಮ್ಮೆ ತೊಳೆದಿಡುವುದು. ಕಿಟಕಿಯ ಬಿಸಿಲು ಸಿಂಕಿನೊಳಗೆ ಬೀಳುವ ಹೊತ್ತು ಅದು. ಬೆಚ್ಚಗಿನ ನೀರು, ಸೋಪಿನ ವಾಸನೆ, ಕೆಳಗೆ ಬೀದಿಯಲ್ಲಿ ಯಾರೋ ಯಾರನ್ನೋ ಕರೆಯುವುದು. ಕೈ ತಂತಾನೇ ಕೆಲಸ ಮಾಡುತ್ತಿದ್ದರೆ ಬಾಯಿಯೂ ತಂತಾನೇ ತೆರೆದು ಅಪ್ಪನ ಕೀರ್ತನೆಗಳು ಹೊರಬರುತ್ತಿದ್ದವು. ಅಪ್ಪ ಚರ್ಚಿನಲ್ಲಿ ಮುಂದೆ ನಿಂತು ಹಾಡು ಎತ್ತಿಕೊಡುತ್ತಿದ್ದರು. ಬಡಗಿಯ ಎದೆ, ದೊಡ್ಡ ದನಿ. ಪಕ್ಕದಲ್ಲಿ ಅವನು. ಅಪ್ಪ ಹೋದ ಮೇಲೆ ಚರ್ಚಿನಲ್ಲಿ ಹಾಡು ಶುರುವಾದರೆ ಅವನ ಗಂಟಲು ಯಾರೋ ಹಿಡಿದಂತಾಗುತ್ತದೆ. ಪುಸ್ತಕ ಹಿಡಿದು ತುಟಿ ಆಡಿಸುತ್ತಾನೆ. ಪಕ್ಕದಲ್ಲಿ ಅಮ್ಮ ನಿಂತು ಹಾಡುತ್ತಾಳೆ. ಸಿಂಕಿನ ಮುಂದೆ ಮಾತ್ರ ಆ ಕೈ ಗಂಟಲನ್ನು ಬಿಟ್ಟುಬಿಡುತ್ತಿತ್ತು. ಯಾಕೆಂದು ಅವನು ಯೋಚಿಸಿರಲಿಲ್ಲ. ಶುರುವಿನಲ್ಲಿ ಒಂದೇ ಒಂದು ದಿನ ತಟ್ಟೆಗಳೆಲ್ಲ ಥಳಥಳ ಹೊಳೆಯುತ್ತಿದ್ದವು. ಒಂದೊಂದೇ ಎತ್ತಿ ನೋಡಿ ಹಾಗೇ ಇಟ್ಟು ಅಂಗಡಿಗೆ ಹೋದವನಿಗೆ, ಸಂತೋಷವಾಗುವ ಬದಲು ಯಾಕೋ ಪಿಚ್ಚೆನಿಸಿ, ಆ ದಿನವೆಲ್ಲ ಗಿರಾಕಿಗಳ ಮೇಲೆ ರೇಗಾಡಿದ್ದ. ಮಾರನೆಯ ದಿನ ಜಿಡ್ಡು ಎಂದಿನಂತೆ ಇತ್ತು.

"ತಟ್ಟೆ ಖಾಲಿ ಇದೆಯಲ್ಲ, ಇನ್ನೊಂದು ಮೀನು ಹಾಕಿಸ್ಕೊಳ್ಳಿ," ಎಂದು ಅಮ್ಮ ಪಾಸ್ಟರಮ್ಮನ ಕಡೆಗೆ ಅಂದಾಜಿನಿಂದ ಹೇಳಿದಳು.

"ಬೇಡ ಅಮ್ಮ, ಹೊಟ್ಟೆ ತುಂಬ್ತು," ಎಂದು ಪಾಸ್ಟರಮ್ಮ ಹೇಳಿ ಅವನ ಕಡೆ ನೋಡದೆ ನೀರು ಕುಡಿದರು. ಕುಡಿಯುವ ಮುಂಚೆ ಲೋಟವನ್ನು ಕಿಟಕಿಯ ಕಡೆಗೆ ಒಂದಿಷ್ಟು ಎತ್ತಿದರೋ, ಅದು ಅವನ ಭ್ರಮೆಯೋ.

ಪಾಸ್ಟರಿಗೆ ಇದಾವುದರ ಪರಿವೆಯಿಲ್ಲ. ಎರಡು ಸಲ ಬಡಿಸಿಕೊಂಡು ಉಂಡರು. "ನಾಳೆ ಆರಾಧನೆ ಆದ ಮೇಲೆ ನಿಮ್ಮ ಸಾಕ್ಷಿ," ಎಂದರು. "ಹೆಚ್ಚೇನು ಬೇಡ, ಐದು ನಿಮಿಷ. ತಂದೆತಾಯಿಯನ್ನ ಹೇಗೆ ಗೌರವಿಸಬೇಕು ಅಂತ ನಾನು ಗಂಟೆಗಟ್ಟಲೆ ಪ್ರಸಂಗ ಮಾಡಿದ್ರೂ ಹುಡುಗರ ತಲೆಗೆ ಹೋಗಲ್ಲ. ನೀವು ನಿಂತು ಮನೆಯಲ್ಲಿ ದಿನಾ ಏನು ಮಾಡ್ತೀರಿ ಅಂತ ಹೇಳಿದ್ರೆ ಸಾಕು."

ದಿನಾ ಏನು ಮಾಡುತ್ತೀರಿ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನು ತನ್ನ ಕೈಯನ್ನು ನೋಡಿಕೊಂಡ. ದಿನಾ ಅಮ್ಮನಿಗೆ ಸುಳ್ಳು ಹೇಳುತ್ತೇನೆ ಎಂದು ಸಾಕ್ಷಿ ಹೇಳುವುದೇ? ತಂದೆತಾಯಿಯನ್ನು ಗೌರವಿಸು ಎನ್ನುವ ದೇವರ ಹತ್ತು ಆಜ್ಞೆಗಳಲ್ಲೇ ಸುಳ್ಳುಸಾಕ್ಷಿ ಹೇಳಬಾರದೆಂಬುದೂ ಒಂದು. ಒಂದು ಆಜ್ಞೆಯನ್ನು ಕಾಯಲು ಇನ್ನೊಂದನ್ನು ದಿನವೂ ಸೋಪು ಹಾಕಿ ತೊಳೆದುಹಾಕುತ್ತಿದ್ದೇನಲ್ಲ ಎನಿಸಿತು. ಚಿಕ್ಕವನಿದ್ದಾಗ ಭಾನುವಾರದ ಪಾಠದಲ್ಲಿ ಕೇಳಿದ ಕತೆಯೊಂದು ಅವನ ಬೆಂಬಲಕ್ಕೆ ಆಗಾಗ ಬರುತ್ತಿತ್ತು. ಮೈಮೇಲೆ ಬಟ್ಟೆಯಿಲ್ಲದೆ ಬಿದ್ದಿದ್ದ ತಂದೆಯನ್ನು ನೋಡಬಾರದೆಂದು ಇಬ್ಬರು ಮಕ್ಕಳು ಹಿಂದುಹಿಂದಕ್ಕೆ ನಡೆದು ಹೋಗಿ ಹೊದಿಸಿದ ಕತೆ. ತಾನೂ ಅಷ್ಟೆ, ಅವಳ ಕೋಣೆಗೆ ಬೆನ್ನು ಮಾಡಿ ನಿಂತು ಹೊದಿಸುತ್ತಿದ್ದೇನೆ ಎಂದುಕೊಳ್ಳುತ್ತಿದ್ದ. ಆದರೆ ಆ ಮಕ್ಕಳು ದಿನಾ ಹೊದಿಸಿರಲಿಲ್ಲ. ಹೊದಿಸಿದ್ದು ಊಟದ ಮೇಜಿನ ಮೇಲೆ ಅತಿಥಿಗಳ ಮುಂದೆ ಜಾರಿಬಿದ್ದಿರಲೂ ಇಲ್ಲ. ಇನ್ನು ಅಕ್ಕ. ಅಕ್ಕ ದೂರದಿಂದ ಫೋನು ಮಾಡಿ, "ಈ ವಯಸ್ಸಲ್ಲಿ ಅಮ್ಮನ ಕೈಲಿ ಪಾತ್ರೆ ತೊಳೆಸ್ತೀಯಾ? ಕಂಡೋರು ಏನಂದಾರು? ಅವಳನ್ನ ರಾಣಿ ಹಾಗೆ ಕೂರಿಸು," ಎಂದಿದ್ದಳು. ದೂರದ ಬೆಟ್ಟ ನುಣ್ಣಗೆ. ರಾಣಿಯರು ಇಡೀ ದಿನ ಕೂತು ಏನು ಮಾಡುತ್ತಾರೆಂದು ಅಕ್ಕನಿಗೂ ಗೊತ್ತಿರಲಿಲ್ಲ. ಆದರೂ ಈಗ ಕರವಸ್ತ್ರದ ತುದಿ ಕಣ್ಣ ಮುಂದೆ ಬಂದಾಗ ಅಕ್ಕ ಹೇಳಿದ್ದೇ ಸರಿಯೇನೋ ಎನಿಸಿತು. ಪಾಸ್ಟರಮ್ಮ ಒಳ್ಳೆಯವರು, ಯಾರಿಗೂ ಹೇಳಲಾರರು. ಇನ್ನೊಬ್ಬರು ಹೇಳಿಯಾರು. ಅಮ್ಮನ ಕಿವಿ ಚುರುಕು. ಹೊರಗಿನವರ ಬಾಯಿಂದ ಅವಳಿಗೆ ತಿಳಿಯುವುದಕ್ಕಿಂತ ತಾನೇ ಇವತ್ತು ಹೇಳಿ, ಆ ಕೆಲಸವನ್ನು ಅವಳ ಕೈಯಿಂದ ತೆಗೆದುಬಿಡುವುದೇ ನಿಜವಾದ ಗೌರವ ಎಂದು ತೀರ್ಮಾನಿಸಿದ. ತೀರ್ಮಾನಿಸಿದ ಕೂಡಲೇ ಬಾಯಲ್ಲಿದ್ದ ತುತ್ತು ಒಣಗಿತು.

ಅತಿಥಿಗಳನ್ನು ಮೆಟ್ಟಿಲ ತನಕ ಬಿಟ್ಟು ಬರುವಷ್ಟರಲ್ಲಿ ಅಮ್ಮ ಸಿಂಕಿನ ಮುಂದೆ ನಿಂತಾಗಿತ್ತು.

"ಅಮ್ಮ, ಇವತ್ತು ಬಿಡು. ನಾನು ತೊಳೀತೀನಿ."

"ಯಾಕೆ, ಇವತ್ತೇನು ವಿಶೇಷ?"

"ವಿಶೇಷ ಏನಿಲ್ಲ. ಬೆಳಿಗ್ಗೆಯಿಂದ ನಿಂಗೂ ಸುಸ್ತಾಗಿರುತ್ತೆ."

"ಓಡಾಡಿದ್ದು ನೀನು. ನಾನು ಕೂತ್ಕೊಂಡು ಪಾಸ್ಟರ ಮಾತು ಕೇಳಿದೆ. ಅದ್ರಲ್ಲೂ ಸುಸ್ತಾಗುತ್ತೆ, ಇಲ್ಲ ಅನ್ನಲ್ಲ," ಎಂದು ಅವಳು ನಕ್ಕು ಮೊಣಕೈಯಿಂದ ಅವನನ್ನು ಪಕ್ಕಕ್ಕೆ ತಳ್ಳಿದಳು. "ಸರಿ ಆ ಕಡೆ."

ಅವನು ಸರಿಯಲಿಲ್ಲ. ಅವಳ ಕೈ ನೀರಿನೊಳಗೆ ಒಂದು ತಟ್ಟೆಯನ್ನು ಸುತ್ತಿಸುತ್ತಿತ್ತು, ಹಿಟ್ಟು ನಾದುವ ಅಭ್ಯಾಸದ ಕೈ. ಬೆರಳ ಗಂಟುಗಳು ಊದಿದ್ದವು. ಈ ಕೈಯಿಂದ ಇದನ್ನು ಕಿತ್ತುಕೊಂಡ ಮೇಲೆ ನಾಳೆ ಮಧ್ಯಾಹ್ನ ಈ ಕೈ ಎಲ್ಲಿರುತ್ತದೆ? ಮಡಿಲಲ್ಲಿ. ಅವನಿಗೆ ಅಳು ಬಂದಂತಾಯಿತು. ಐವತ್ತರ ಹತ್ತಿರದ ಗಂಡಸು, ಅಂಗಡಿಯಲ್ಲಿ ಎಲ್ಲರೂ ಮೇಷ್ಟ್ರೇ ಎಂದು ಕರೆಯುವವನು, ತಟ್ಟೆ ಒಡೆದ ಹುಡುಗನ ಹಾಗೆ ಗೋಡೆಗೊರಗಿ ನಿಂತಿದ್ದ.

"ಅಮ್ಮ, ಒಂದು ಮಾತು ಹೇಳಬೇಕು. ಬೇಜಾರು ಮಾಡ್ಕೋಬಾರದು."

"ಹೇಳು. ಬೇಜಾರು ಆಮೇಲೆ ನೋಡೋಣ."

"ತಟ್ಟೆ ಸರಿಯಾಗಿ ಹೋಗ್ತಿಲ್ಲ. ಜಿಡ್ಡು ಉಳಿದುಬಿಡುತ್ತೆ. ನೀನು ಮಲಗಿದ ಮೇಲೆ ನಾನು... ಇನ್ನೊಂದು ಸಲ ತೊಳೀತಾ ಇದ್ದೆ. ತುಂಬಾ ದಿನದಿಂದ."

ಅವಳ ಕೈ ನಿಂತಿತು. ನಲ್ಲಿಯ ನೀರು ಅದರ ಪಾಡಿಗೆ ಬೀಳುತ್ತಿತ್ತು. ಅವನು ಬೀಳಲಿರುವ ಏಟಿಗೆ ಕಾದವನಂತೆ ಕಣ್ಣು ಮುಚ್ಚಿದ. ಇವತ್ತು ಎರಡನೇ ಸಲ ಅವನು ಹೀಗೆ ಕಣ್ಣು ಮುಚ್ಚುತ್ತಿರುವುದು.

"ನಿನ್ನೆ ತೊಳೀಲಿಲ್ಲ," ಎಂದಳು ಅಮ್ಮ.

"ಏನು?"

"ನಿನ್ನೆ ತೊಳೀಲಿಲ್ಲ ನೀನು. ಓಡಿಹೋದೆ. ಇವತ್ತು ಕಪಾಟಿಂದ ತಟ್ಟೆ ತೆಗೀತಾ ಇರೋ ಸದ್ದು ಕೇಳ್ತು. ಅಯ್ಯೋ ನಿನ್ನೆಯವು ಕಣೋ ಅನ್ನೋಣ ಅಂತ ಬಾಯಿವರೆಗೂ ಬಂತು. ಪಾಸ್ಟರು ಆಗಲೇ ಒಳಗೆ ಬಂದುಬಿಟ್ಟಿದ್ರು. ಅವರ ಮುಂದೆ ಹೇಗೆ ಹೇಳಲಿ? ಜೀವ ಕೈಯಲ್ಲಿ ಹಿಡ್ಕೊಂಡು ಊಟ ಮಾಡಿದೀನಿ."

ಅವಳು ತಲೆಯನ್ನು ಒಂದಿಷ್ಟು ತಿರುಗಿಸಿ ಅವನ ಕಿವಿಯನ್ನು ನೋಡುತ್ತಿದ್ದಳು.

"ನಿನಗೆ ಗೊತ್ತಿತ್ತಾ?"

"ಕಣ್ಣು ಹೋಗಿದೆ ಪುಟ್ಟ, ಬೆರಳು ಹೋಗಿಲ್ಲ. ಜಿಡ್ಡು ಅನ್ನೋದು ಮೊದಲು ಬೆರಳಿಗೇ ಗೊತ್ತಾಗೋದು."

"ಮತ್ತೆ ಯಾಕಮ್ಮ ಜಿಡ್ಡು ಬಿಡ್ತಿದ್ದೆ?"

ಅವಳು ತಟ್ಟೆಯನ್ನು ಬಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ನಲ್ಲಿಯನ್ನು ತಡವಿ ನಿಲ್ಲಿಸಿದಳು. "ಮೊದಮೊದಲು ನಿಜವಾಗ್ಲೂ ಬಿಟ್ಟುಹೋಗ್ತಿತ್ತೇನೋ. ಒಂದಿನ ಮಲಗಿದ್ದೆ, ನೀರಿನ ಸದ್ದಿಗೆ ಎಚ್ಚರ ಆಯ್ತು. ಹಾಡು ಕೇಳ್ತು. ನಿಮ್ಮಪ್ಪನೇ ಬಂದು ನಿಂತಿದಾರೇನೋ ಅಂತ ಎದ್ದು ಕೂತೆ. ಆಮೇಲೆ ಗೊತ್ತಾಯ್ತು ನೀನು ಅಂತ, ನನ್ನ ತಟ್ಟೆ ಮತ್ತೆ ತೊಳೀತಿದೀಯ ಅಂತ. ಮೈಯೆಲ್ಲ ಉರೀತು. ನಾನು ಮಾಡಿದ ಕೆಲಸ ತಿದ್ದೋಕೆ ಬಂದ್ಬಿಟ್ಟ ದೊಡ್ಡ ಮನುಷ್ಯ ಅಂತ. ಮಾರನೇ ದಿನ ತಟ್ಟೆಗಳನ್ನ ಹೆಂಗೆ ತಿಕ್ಕಿದೆ ಅಂದ್ರೆ, ಹೂವಿನ ಚಿತ್ರ ಅಳಿಸಿಹೋಗೋ ಹಂಗೆ ತಿಕ್ಕಿದೆ. ಬಂದೆ ನೀನು. ಒಂದೊಂದೇ ಎತ್ತಿ ನೋಡಿದೆ. ಇಟ್ಟೆ. ಹೋದೆ."

"ಹೌದು," ಎಂದ ಅವನು. ಆ ದಿನದ ಹಾಗೆಯೇ ಮತ್ತೆ ಪಿಚ್ಚೆನಿಸಿತು.

"ಹಾಡಲಿಲ್ಲ," ಎಂದಳು ಅಮ್ಮ. "ಅವತ್ತು ನಾನು ಸಂಜೆವರೆಗೂ ನಿದ್ದೆ ಇಲ್ಲದೆ ಹೊರಳಾಡಿದೆ. ಗೆದ್ದೆ ಅಂತ ಖುಷಿಯಾಗಬೇಕಿತ್ತು, ಆಗಲಿಲ್ಲ. ಅದರ ಮಾರನೇ ದಿನದಿಂದ ಒಂಚೂರು ಜಿಡ್ಡು ಬಿಡ್ತಾ ಬಂದೆ. ಜಾಸ್ತಿ ಏನಿಲ್ಲ. ನಿನ್ನ ಕಣ್ಣಿಗೆ ಬೀಳೋವಷ್ಟು."

ಕೆಳಗೆ ಬೀದಿಯಲ್ಲಿ ಒಂದು ಗಾಡಿ ಹಾದುಹೋಯಿತು. ಅವನು ಗೋಡೆಯನ್ನು ಬಿಟ್ಟು ಕುರ್ಚಿಯಲ್ಲಿ ಕೂತ, ಅವಳಿಗಾಗಿ ಅಂಜಿದ್ದ ಅದೇ ಕುರ್ಚಿಯಲ್ಲಿ. ಎಷ್ಟು ದಿನ ಹಿಂದುಹಿಂದಕ್ಕೆ ನಡೆದು ಅವಳಿಗೆ ಹೊದಿಸುತ್ತಿದ್ದೇನೆಂದು ಬೀಗಿದ್ದ. ಹೊದಿಕೆಯ ಇನ್ನೊಂದು ತುದಿಯನ್ನು ಅವಳೇ ಹಿಡಿದುಕೊಂಡಿದ್ದಳು. ನಾಚಿಕೆಯಾಯಿತು, ನಾಚಿಕೆಯ ಅಡಿಯಲ್ಲಿ ಸುಖವೆನಿಸಿತು, ಚಿಕ್ಕವನಿದ್ದಾಗ ಜ್ವರ ಬಿಟ್ಟ ಬೆಳಿಗ್ಗೆ ಆಗುತ್ತಿದ್ದಂಥ ಸುಖ.

"ಕೇಳಬಹುದಿತ್ತಲ್ಲಮ್ಮ. ಹಾಡು ಅಂತ."

"ಕೇಳಿದ್ರೆ ಹಾಡ್ತಿದ್ದೆಯಾ? ಚರ್ಚಿನಲ್ಲಿ ನನ್ನ ಪಕ್ಕದಲ್ಲೇ ನಿಂತು ಬರೀ ಬಾಯಾಡಿಸ್ತೀಯ. ಕಣ್ಣು ಕಾಣದೋಳಿಗೆ ಬಾಯಾಡಿಸಿ ತೋರಿಸಿದ್ರೆ ಏನಪ್ಪ ಪ್ರಯೋಜನ?"

ಅವನಿಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ನಗುತ್ತ ನಗುತ್ತ ಅವಳಿಗೆ ಥಟ್ಟನೆ ಏನೋ ನೆನಪಾಗಿ, "ಅಂದಹಾಗೆ ಆ ಜಿಡ್ಡಿಂದು ಯಾರ ಪಾಲಿಗೆ ಹೋಯ್ತು? ನಿನ್ನೆ ನಾನು ಬಿಟ್ಟಿದ್ದು ಒಂದೇ ತಟ್ಟೆಯಲ್ಲಿ," ಎಂದು ಕೇಳಿದಳು.

"ಪಾಸ್ಟರಮ್ಮಂಗೆ."

"ಅಯ್ಯೋ ನನ್ನ ದೇವರೇ. ಅದಕ್ಕೇ ಆಯಮ್ಮ ಎರಡನೇ ಸಲ ಹಾಕಿಸ್ಕೊಳ್ಳಲಿಲ್ಲ." ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. "ಇನ್ಮೇಲೆ ಯಾರಾದ್ರೂ ಬರೋದಿದ್ರೆ ಹಿಂದಿನ ದಿನವೇ ಹೇಳ್ಬಿಡು. ಅವತ್ತು ಸರಿಯಾಗಿ ತೊಳೀತೀನಿ."

"ನಾಳೆ ಸಾಕ್ಷಿಗೆ ನಿಂತು ನಾನು ಏನು ಹೇಳಲಿ, ಅದನ್ನಾದ್ರೂ ಹೇಳು."

"ನಿಜ ಹೇಳು. ನಮ್ಮಮ್ಮ ಬೇಕಂತಲೇ ತಟ್ಟೆ ಕೊಳೆ ಬಿಡ್ತಾಳೆ ಅಂತ. ಹುಡುಗರು ಕಿವಿಗೊಟ್ಟು ಕೇಳ್ತಾರೆ, ಬೇಕಾದ್ರೆ ನೋಡು." ಅವಳು ಆಕಳಿಸಿದಳು. ಉಳಿದ ತಟ್ಟೆಗಳನ್ನು ಒಂದೊಂದಾಗಿ ನೀರಿನಲ್ಲಿ ಅದ್ದಿ, ತಿಕ್ಕಿ, ಬೆರಳಿನಿಂದ ಅಂಚು ಸವರಿ ನೋಡಿ, ಕಪಾಟಿನಲ್ಲಿಡದೆ ಸಿಂಕಿನ ಪಕ್ಕದಲ್ಲೇ ಸಾಲಾಗಿ ನಿಲ್ಲಿಸಿದಳು. ಅವನು ಸಹಾಯಕ್ಕೆ ಏಳಲಿಲ್ಲ. ಅವಳ ನೆಟ್ಟನೆಯ ಬೆನ್ನನ್ನು ನೋಡುತ್ತ ಕೂತಿದ್ದ. "ಇವತ್ತಿನ ಕೂಲಿ ಮುಗೀತು," ಎಂದು ಅವಳು ಗೋಡೆ ಮುಟ್ಟಿಕೊಂಡು ಕೋಣೆಗೆ ಹೋದಳು. ದಿನವೂ ಮುಚ್ಚುತ್ತಿದ್ದ ಬಾಗಿಲನ್ನು ಇವತ್ತು ಮುಚ್ಚಲಿಲ್ಲ. ಮಂಚ ಕಿರುಗುಟ್ಟಿತು. ಆಮೇಲೆ ಏನೂ ಸದ್ದಿಲ್ಲ. ಮಲಗಿದವರ ಸದ್ದಿಲ್ಲದಿರುವಿಕೆಯಲ್ಲ ಅದು, ಕಾಯುವವರದು.

ಅವನು ಎದ್ದು ಸಿಂಕಿನ ಮುಂದೆ ನಿಂತ. ಮೊದಲ ತಟ್ಟೆಯನ್ನು ಬಿಸಿಲಿಗೆ ಹಿಡಿದ. ಎಲ್ಲಿಯೂ ಏನೂ ಇರಲಿಲ್ಲ. ಅವನ ಅಂಗಡಿಯ ಗಾಜಿನಷ್ಟೇ ಶುಭ್ರ. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಅವಳು ಜಿಡ್ಡು ಬಿಟ್ಟಿರಲಿಲ್ಲ. ತಮಾಷೆಗೆ ಏನೇ ಹೇಳಿದರೂ ಇನ್ನು ಬಿಡುವುದೂ ಇಲ್ಲ. ಅವನಿಗೆ ಈಗ ನೆಪವೇ ಉಳಿದಿಲ್ಲ. ತಟ್ಟೆಗಳನ್ನು ಕಪಾಟಿಗೆ ಸೇರಿಸಿ ಅಂಗಡಿಗೆ ಹೋಗಬಹುದು. ಅಂಗಡಿಯಲ್ಲಿ ಕೆಲಸ ಕಾಯುತ್ತಿದೆ. ಬಾಗಿಲು ತೆರೆದಿದೆ ಎಂಬ ನೆನಪಾದದ್ದೇ ತಡ, ಆ ಹಳೆಯ ಕೈ ಬಂದು ಅವನ ಗಂಟಲನ್ನು ಹಿಡಿಯಿತು. ನಾಳೆ ಚರ್ಚಿನಲ್ಲಿ ಅವಳ ಪಕ್ಕದಲ್ಲಿ ನಿಂತಾಗಲೂ ಅದು ಹೀಗೇ ಹಿಡಿಯುತ್ತದೆ. ಹಿಡಿಯಲಿ ಎಂದುಕೊಂಡ. ನಲ್ಲಿಯನ್ನು ತಿರುಗಿಸಿದ, ಸಣ್ಣಗಲ್ಲ, ಪೂರ್ತಿಯಾಗಿ. ಕೊಳೆಯಿಲ್ಲದ ತಟ್ಟೆಗೆ ಸೋಪು ಹಚ್ಚಿದ. ಮೊದಲ ಸಾಲು ಕೆಮ್ಮಿನ ಹಾಗೆ ಬಂತು, ಎರಡನೆಯ ಸಾಲು ಒಡೆದ ದನಿಯಲ್ಲಿ ಬಂತು, ಚರಣಕ್ಕೆ ಬರುವಷ್ಟರಲ್ಲಿ ಅಪ್ಪ ಎತ್ತಿಕೊಡುತ್ತಿದ್ದ ಶ್ರುತಿ ತಾನಾಗಿ ಎದೆಯಿಂದ ಎದ್ದಿತು. ಬೀದಿಯವರಿಗೆ ಕೇಳಿಸಿದರೂ ಕೇಳಿಸಲಿ. ಹಾಡುತ್ತ ಹಾಡುತ್ತ ಎಲ್ಲ ತಟ್ಟೆಗಳೂ ಮುಗಿದವು, ಲೋಟಗಳೂ ಮುಗಿದವು. ಕೊನೆಯ ಚರಣ ಹಾಡಿ ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡ.

"ಮೂರನೇ ಚರಣ ಬಿಟ್ಟೆ," ಎಂದಿತು ಕೋಣೆಯಿಂದ ಅಮ್ಮನ ದನಿ.

ಅವನು ತೊಳೆದಿಟ್ಟ ಮೊದಲ ತಟ್ಟೆಯನ್ನು ಮತ್ತೆ ಕೈಗೆ ತೆಗೆದುಕೊಂಡು ನಲ್ಲಿ ತಿರುಗಿಸಿದ.